ಲಿಥಿಯಂ ತಗೊಳ್ಳುವವರಿಗೆ ಬೇಸಿಗೆಯಲ್ಲಿ ಜಾಸ್ತಿ ಎಚ್ಚರ ಬೇಕು

ಜನರಲ್ ವಾರ್ಡಿನ ನರ್ಸ್‌ಗಳಿಗೂ ಮಾನಸಿಕ ಆರೋಗ್ಯದ ತರಬೇತಿ ಬೇಕು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಕಲಬುರಗಿಯ ಸ್ಟಾಫ್ ನರ್ಸ್ ಆಗಿ ಪೂರ್ತಿ ಒಪ್ಪುತ್ತೇನೆ. ಲಿಥಿಯಂ ಎಂಬ ಒಂದೇ ಮಾತ್ರೆಯ ವಿಷಯ ಸೇರಿಸುತ್ತೇನೆ.

ನಮ್ಮಲ್ಲಿ ಏಪ್ರಿಲ್, ಮೇ ಬಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ. ಬೈಪೋಲಾರ್ ಕಾಯಿಲೆಗೆ (ಮನಸ್ಸು ಒಮ್ಮೆ ಅತಿಯಾಗಿ ಉಬ್ಬಿ, ಒಮ್ಮೆ ತೀರಾ ಕುಗ್ಗುವ ಕಾಯಿಲೆ) ಲಿಥಿಯಂ ತಗೊಳ್ಳುವವರು ಬೆವರಿ ಸೊರಗಿದರೆ, ವಾಂತಿ ಭೇದಿ ಆದರೆ, ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಅದು ಕಿಡ್ನಿ ಮೂಲಕವೇ ಹೊರಗೆ ಹೋಗಬೇಕು ಅಲ್ವಾ? ಮೈಯಲ್ಲಿ ನೀರು, ಉಪ್ಪು ಕಡಿಮೆಯಾದರೆ ಕಿಡ್ನಿ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಂಡಿನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಿಂದಲೂ ಏರಬಹುದು. ಬಿಪಿ ಅಂತ ಉಪ್ಪು ದಿಢೀರನೆ ಬಿಟ್ಟರೂ ಅಷ್ಟೇ.

ಮಟ್ಟ ಹೀಗೆ ಏರಿದವರಿಗೆ ಕೈ ಜೋರಾಗಿ ನಡುಗುತ್ತದೆ, ಮಾತು ತೊದಲುತ್ತದೆ, ನಡೆಯುವಾಗ ತೂರಾಡುತ್ತಾರೆ. ಇಂಥವರನ್ನು 'ಹಳೇ ಕಾಯಿಲೆ ಮರಳಿತು' ಅಂತ ಸುಮ್ನೆ ಬಿಡುವುದು ಕಂಡರೆ ನನಗೆ ತುಂಬಾ ಸಂಕಟ ಆಗುತ್ತದೆ. ಮುಂದಿನ ಡೋಸ್ ಕೊಡುವ ಮೊದಲು ಡಾಕ್ಟರಿಗೆ ಹೇಳಬೇಕು. ರಕ್ತದಲ್ಲಿ ಲಿಥಿಯಂ, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವುದು), ಸೋಡಿಯಂ ಪರೀಕ್ಷೆ ಆಗಬೇಕು. ಲಿಥಿಯಂ ಲೀಟರಿಗೆ 1.5 ಮಿಲಿಮೋಲ್ ದಾಟಿದರೆ ಅಪಾಯ, ಲಕ್ಷಣ ಇದ್ದರೆ ಅದಕ್ಕಿಂತ ಕಡಿಮೆ ಇದ್ದರೂ ನಿರ್ಲಕ್ಷಿಸುವಂತಿಲ್ಲ.

ಮನೆಯವರೇ, ಇದು ಒಳ್ಳೆಯ ಔಷಧಿ. ಇದನ್ನೋದಿ ಹೆದರಿ ನಿಲ್ಲಿಸಬೇಡಿ. ಈ ಲಕ್ಷಣ ಕಂಡರೆ ಮಾತ್ರ ಮಾತ್ರೆಯ ಚೀಟಿ ಹಿಡಿದು ತಕ್ಷಣ ಆಸ್ಪತ್ರೆಗೆ ಬನ್ನಿ. ಬೇರೆ ಅನುಮಾನ ಕೇಳಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.