ಗೇಣುದ್ದದ ಗಾಡಿಗೆ ಟೊಮೆಟೊ ಲೋಡು

ಕೋಲಾರದಲ್ಲಿ ಪಿಕಪ್ ಗಾಡಿಯನ್ನು ಯಾರೂ ತಿರುಗಿ ನೋಡುವುದಿಲ್ಲ. ಟೊಮೆಟೊ ಸುಗ್ಗಿಯಲ್ಲಿ ಎಪಿಎಂಸಿ ಕಡೆಯ ರಸ್ತೆಯ ತುಂಬ ಅವೇ. ಸ್ಕೂಟರಿನವರು ಗೊಣಗಿಕೊಂಡು ಸಂದಿಯಲ್ಲಿ ನುಸುಳಿ ಹೋಗುತ್ತಾರೆ, ಅಷ್ಟೇ. ಅದೇ ಪಿಕಪ್ಪನ್ನು ಗೇಣುದ್ದಕ್ಕೆ ಇಳಿಸಿ ಮೇಜಿನ ಮೇಲೆ ಇಟ್ಟು ನೋಡಿ. ಹಾಲು ಹಾಕಲು ಬಂದವರು, ಗ್ಯಾಸ್ ಸಿಲಿಂಡರ್ ತಂದವರು, ಕರೆಂಟ್ ಬಿಲ್ ಕೊಡಲು ಬಂದವರು, ಎಲ್ಲರೂ ಒಂದು ಗಳಿಗೆ ನಿಂತು ಬಗ್ಗಿ ನೋಡುತ್ತಾರೆ. ಚಕ್ರ ತಿರುಗುತ್ತದೋ ಎಂದು ಬೆರಳು ಹಾಕುತ್ತಾರೆ. ತಿರುಗುತ್ತದೆ. ಆಮೇಲೆ "ಎಷ್ಟು ಬಿತ್ತು ಸಾರ್ ಇದಕ್ಕೆ?" ಬೆಲೆ ಹೇಳಿದ ಮೇಲೆ ಗಾಡಿ ನೋಡುವುದನ್ನು ಬಿಟ್ಟು ನನ್ನ ಮುಖ ನೋಡುತ್ತಾರೆ.

ಇಂಥ ಮಾದರಿ ಗಾಡಿ ಕಟ್ಟುವ ಕಿಟ್ಟಿನ ಡಬ್ಬಿ ತೆಗೆದರೆ ಒಳಗೆ ಗಾಡಿ ಇರುವುದಿಲ್ಲ, ಗಾಡಿಯ ಸಾಮಾನು ಇರುತ್ತದೆ. ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನ ಚೌಕಟ್ಟುಗಳಲ್ಲಿ ಬಾನೆಟ್ಟು, ಸೀಟು, ಸೈಲೆನ್ಸರು, ಇಂಜಿನ್ನಿನ ಫ್ಯಾನು, ಎಲ್ಲವೂ ತೊಟ್ಟು ಹಿಡಿದುಕೊಂಡು ನಿಂತಿರುತ್ತವೆ. ಒಂದೊಂದನ್ನೇ ಕತ್ತರಿಸಿಕೊಂಡು, ತೊಟ್ಟಿನ ಗುರುತನ್ನು ಎಮರಿ ಪೇಪರಿನಲ್ಲಿ ತೇಯ್ದು ಜೋಡಿಸಬೇಕು. ಅದಕ್ಕೆ ಬಳಸುವುದು ಮಾಮೂಲಿ ಅಂಟಲ್ಲ. ನೀರಿನಷ್ಟು ತೆಳುವಾದ ಆ ದ್ರವ ಎರಡು ತುಂಡಿನ ಅಂಚನ್ನೂ ಕರಗಿಸಿ ಒಂದಾಗಿಸುತ್ತದೆ, ವೆಲ್ಡಿಂಗ್ ಎಂದರೂ ತಪ್ಪಿಲ್ಲ. ಕಿಟಕಿಯ ಗಾಜಿಗೆ ಮಾತ್ರ ಅದು ಆಗದು. ಸೂಪರ್ ಗ್ಲೂ ಅಂತೂ ಬೇಡವೇ ಬೇಡ, ಅದರ ಹಬೆಗೇ ಗಾಜು ಮಬ್ಬಾಗಿಬಿಡುತ್ತದೆ. ಬಡಗಿಗಳ ಬಿಳಿ ಫೆವಿಕಾಲೇ ಸರಿ, ಒಣಗಿದ ಮೇಲೆ ಕಾಣುವುದಿಲ್ಲ.

ಈ ಹುಚ್ಚಿಗೂ ಹೊಲಕ್ಕೂ ಹಳೆಯ ನಂಟಿದೆ ಎಂದರೆ ನಮ್ಮ ಬೀದಿಯಲ್ಲಿ ನಂಬುವವರಿಲ್ಲ. ವಿಮಾನದ ಕಿಟ್ಟುಗಳಿಗೆ ಹೆಸರಾದ ಇಂಗ್ಲೆಂಡಿನ ಏರ್‌ಫಿಕ್ಸ್ ಕಂಪನಿ 1949ರಲ್ಲಿ ಮೊದಲು ಮಾಡಿದ್ದು ಫರ್ಗುಸನ್ ಟ್ರ್ಯಾಕ್ಟರಿನ ಮಾದರಿ. ಟ್ರ್ಯಾಕ್ಟರ್ ಮಾರಲು ಊರೂರು ತಿರುಗುವವರ ಕೈಗೆ ಕೊಡಲೆಂದು ಮಾಡಿಸಿದ್ದು, ಆಮೇಲೆ ಬಿಡಿಭಾಗಗಳ ಕಿಟ್ಟಾಗಿ ಅಂಗಡಿಗೆ ಬಂತು. ಆ ಫರ್ಗುಸನ್ನೇ ಮ್ಯಾಸ್ಸಿ ಫರ್ಗುಸನ್ ಆಗಿ, 1960ರಲ್ಲಿ ಶುರುವಾದ ಮದರಾಸಿನ ಟಾಫೆಯವರ ಮೂಲಕ ನಮ್ಮ ಕಡೆಯ ಹೊಲಗಳಿಗೂ ಇಳಿಯಿತು. ಅತ್ತ ಅಮೆರಿಕದಲ್ಲಿ 1948ರಲ್ಲಿ ಹುಟ್ಟಿದ ಎಎಂಟಿ ಕಂಪನಿ ಕಾರುಗಳನ್ನು ಹಿಡಿಯಿತು. 1958ರಲ್ಲಿ ಅವರು ತಂದ 'ತ್ರೀ ಇನ್ ಒನ್' ಕಿಟ್ಟಿನಲ್ಲಿ ಒಂದೇ ಡಬ್ಬಿಯ ಸಾಮಾನಿನಿಂದ ಗಾಡಿಯನ್ನು ಷೋರೂಮಿನಿಂದ ಬಂದ ಹಾಗೆ ಕಟ್ಟಬಹುದಿತ್ತು, ರೇಸಿಗೆ ಬಿಡುವ ಹಾಗೆ ಕಟ್ಟಬಹುದಿತ್ತು, ಇಲ್ಲವೇ ಮನಸ್ಸಿಗೆ ಬಂದ ಹಾಗೆ. ನಾನು ಮನಸ್ಸಿಗೆ ಬಂದ ಹಾಗೆ ಕಟ್ಟುವ ಪಂಗಡದವನು.

ನನ್ನ ಮೇಜಿನ ಮೇಲಿರುವುದು 1953ರ ಫೋರ್ಡ್ ಎಫ್-100, ಅಸಲಿಯ 25ರಲ್ಲಿ ಒಂದು ಪಾಲು. ಬೊಲೆರೊ ಪಿಕಪ್ಪಿನ ಪ್ಲಾಸ್ಟಿಕ್ ಕಿಟ್ ನನ್ನ ಕಣ್ಣಿಗಂತೂ ಬಿದ್ದಿಲ್ಲ. ಜಪಾನಿನ ಆವೊಶಿಮಾದವರ ಟೊಯೊಟಾ ಹೈಲಕ್ಸ್ ಇದೆ. ಬಲಗಡೆ ಸ್ಟೀರಿಂಗು, ಚೌಕ ಮೈಕಟ್ಟು, ನಮ್ಮ ಗಾಡಿಗಳ ದಾಯಾದಿಯ ಹಾಗೇ ಕಾಣುತ್ತದೆ. ಅದನ್ನು ಬಿಟ್ಟು ಈ ಗುಂಡು ಮೂತಿಯ ಅಮೆರಿಕದ ಮುದುಕನನ್ನೇ ಕೋಲಾರಕ್ಕೆ ಕರೆತಂದು ಮಂಡಿಯಲ್ಲಿ ದುಡಿಸಬೇಕು ಎನ್ನುವುದು ನನ್ನ ಹಠ.

ಅಮೆರಿಕದವರ ಕಡೆ ಪಿಕಪ್ ಸಿಂಗರಿಸುವ ಕ್ರಮವೇ ಬೇರೆ. ಗಾಡಿಯನ್ನು ನೆಲ ಮುಟ್ಟುವಷ್ಟು ಇಳಿಸುತ್ತಾರೆ. ಕ್ಯಾಬಿನ್ನಿನ ಕಂಬಗಳನ್ನು ಕೊಯ್ದು ಚಾವಣಿಯನ್ನು ಗಿಡ್ಡ ಮಾಡುತ್ತಾರೆ. ಬಾಗಿಲಿನ ಹಿಡಿಯನ್ನೂ ತೆಗೆದು ಮೈ ನುಣ್ಣಗೆ ಮಾಡುತ್ತಾರೆ. ಹಿಂದಿನ ತೊಟ್ಟಿಗೆ ಪಾಲಿಷ್ ಹೊಡೆದ ಮರದ ಹಲಗೆ ಹಾಸಿ, ಅದರ ಮೇಲೆ ಒಂದು ಬದನೆಕಾಯಿಯನ್ನೂ ಇಡುವುದಿಲ್ಲ. ನಮ್ಮಲ್ಲಿ ಹೊಸ ಪಿಕಪ್ಪು ಷೋರೂಮಿನಿಂದ ಹೊರಬಿದ್ದರೆ ಮೊದಲು ದೇವಸ್ಥಾನ, ಆಮೇಲೆ ವೆಲ್ಡಿಂಗ್ ಷಾಪು. ತೊಟ್ಟಿಯ ಸುತ್ತ ಕಬ್ಬಿಣದ ಜಾಲರಿ ಎದ್ದು ನಿಲ್ಲುತ್ತದೆ, ಭಾರ ಹೊರುವ ಹಿಂದಿನ ಕಮಾನು ಸ್ಪ್ರಿಂಗಿಗೆ ಇನ್ನೆರಡು ಪಟ್ಟಿ ಸೇರುತ್ತದೆ, ಕ್ಯಾಬಿನ್ ತಲೆಯ ಮೇಲೆ ಹಗ್ಗ, ಟಾರ್ಪಾಲು ಇಡಲು ಕ್ಯಾರಿಯರು ಕೂರುತ್ತದೆ. ಅವರು ಲೋಡು ಇಳಿಸಿ ಸಿಂಗರಿಸುತ್ತಾರೆ, ನಮ್ಮವರು ಲೋಡಿಗೋಸ್ಕರ ಸಿಂಗರಿಸುತ್ತಾರೆ. ನನಗೆ ನಮ್ಮದೇ ಚೆಂದ. ಕೆಲಸ ಕಾಣದ ಪಿಕಪ್ಪು ಎಷ್ಟು ಮಿಂಚಿದರೂ ಮದುವೆ ಛತ್ರದ ಬಾಗಿಲಲ್ಲಿ ಕೈಮುಗಿದು ನಿಂತ ಗೊಂಬೆಯ ಹಾಗೆ.

ಕೋಲಾರಕ್ಕೆ ಬರುವ ಗಾಡಿಗೆ ಮೊದಲು ಸ್ಟೀರಿಂಗ್ ಬಲಕ್ಕೆ ಬರಬೇಕು. ಚಕ್ರ ಕಿತ್ತು ಆ ಕಡೆ ಅಂಟಿಸಿದರೆ ಮುಗಿಯಲಿಲ್ಲವೇ ಎನ್ನಬಹುದು. ಮೀಟರುಗಳು ಎಡಗಡೆಯೇ ಉಳಿದರೆ ಪಕ್ಕದಲ್ಲಿ ಕೂತ ಕ್ಲೀನರು ಸ್ಪೀಡು ಓದಿ ಹೇಳಬೇಕಾಗುತ್ತದೆ. ಹಾಗಾಗಿ ಡ್ಯಾಶ್‌ಬೋರ್ಡನ್ನು ಸಣ್ಣ ಗರಗಸದಲ್ಲಿ ತುಂಡು ಮಾಡಿ, ಅತ್ತಣದ್ದು ಇತ್ತ ಬದಲಿಸಿ, ಸಂದಿಗೆ ಪುಟ್ಟಿ ತುಂಬಿ ತೇಯಬೇಕು. ಪೆಡಲುಗಳೂ ಬಲಕ್ಕೆ. ಕೆಳಗೆ ಚಾಸಿಗೆ ಅಂಟಿದ ಸ್ಟೀರಿಂಗ್ ಬಾಕ್ಸೂ ಬಲಕ್ಕೆ. ಇಷ್ಟು ಮಾಡಿ ಕ್ಯಾಬಿನ್ ಮುಚ್ಚಿದರೆ ಹೊರಗಿನಿಂದ ಏನೂ ಕಾಣದು. ನಾನು ಬಂದವರ ಕೈಗೆ ಟಾರ್ಚ್ ಕೊಡುತ್ತೇನೆ.

ಇನ್ನು ಲೋಡು. ಕೋಲಾರದ ಎಪಿಎಂಸಿ ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. ಇಲ್ಲಿ ಲೆಕ್ಕವೆಲ್ಲ 15 ಕೆಜಿಯ ಬಾಕ್ಸಿನದು. 2023ರ ಜುಲೈನಲ್ಲಿ ಬಾಕ್ಸಿಗೆ 2,000 ರೂಪಾಯಿ ದಾಟಿದ್ದನ್ನು ಈ ಊರು ಮರೆತಿಲ್ಲ. ಬೀದಿಗೆ ಸುರಿದು ಹೋದ ವರ್ಷಗಳನ್ನೂ ಮರೆತಿಲ್ಲ. ನನ್ನ ಅಳತೆಯಲ್ಲಿ ಆ ಬಾಕ್ಸಿನ ಲೆಕ್ಕ ಮಜವಾಗಿದೆ. ಉದ್ದ 25ರಲ್ಲಿ ಒಂದಾದರೆ ಅಗಲವೂ ಎತ್ತರವೂ ಹಾಗೇ ಕುಗ್ಗುತ್ತವೆ, ತೂಕ ಮಾತ್ರ 15,625ರಲ್ಲಿ ಒಂದು ಪಾಲಿಗೆ ಬಂದು ನಿಲ್ಲುತ್ತದೆ. 15 ಕೆಜಿಯ ಬಾಕ್ಸು ಒಂದು ಗ್ರಾಮಿಗೂ ಕೊಂಚ ಕಡಿಮೆ. ಆ ಜುಲೈ ರೇಟಿನಲ್ಲೇ ಹಿಡಿದರೂ ಹದಿಮೂರು ಪೈಸೆ ಮಾಲು.

ಮೊಳಕ್ಕಿಂತ ಕೊಂಚ ಉದ್ದದ ಕ್ರೇಟು ಇಲ್ಲಿ ಎರಡು ಸೆಂಟಿಮೀಟರ್. ಪಕ್ಕದ ಕಿಂಡಿಗಳಿಗೆ ಕಿಟಕಿಗೆ ಹೊಡೆಯುವ ಸೊಳ್ಳೆ ಜಾಲರಿಯ ಪಟ್ಟಿ, ಅಂಚಿಗೆ ತೆಳು ಪ್ಲಾಸ್ಟಿಕ್ಕಿನ ಕಟ್ಟು, ಮೇಲೆ ನೀಲಿ ಬಣ್ಣ. ಅಲ್ಲೊಂದು ಇಲ್ಲೊಂದು ಹಳದಿ, ಕೆಂಪು, ಏಕೆಂದರೆ ಬೇರೆ ಮಂಡಿಯ ಕ್ರೇಟು ಬೆರೆಯದ ಲೋಡು ನಾನು ನೋಡಿಲ್ಲ. ಒಳಗಿನ, ಕಣ್ಣಿಗೆ ಬೀಳದ ಕ್ರೇಟುಗಳ ಜಾಗದಲ್ಲಿ ಥರ್ಮಕೋಲ್ ಇದೆ. ಮೇಲೆ ಚೆನ್ನಾಗಿರುವುದನ್ನು ಜೋಡಿಸಿ ಒಳಗೆ ಇನ್ನೇನೋ ತುಂಬುವುದು ವ್ಯಾಪಾರಕ್ಕೆ ಹೊಸದಲ್ಲವಾದ್ದರಿಂದ ನನಗೆ ಸಂಕೋಚವಿಲ್ಲ.

ಟೊಮೆಟೊಗೆ ಏನು? ಸಬ್ಬಕ್ಕಿ ಆಗದು. ನೀರಿನ ಬಣ್ಣ ಸೋಕಿದೊಡನೆ ಅಂಟಂಟಾಗುತ್ತದೆ, ಗಾತ್ರವೂ ಜಾಸ್ತಿ. ರಾಗಿ ಹಾಕಿದರೆ ಜಿಲ್ಲೆಯ ಮರ್ಯಾದೆ ಉಳಿಯುತ್ತಿತ್ತು. ಆದರೆ ಒಂದೂವರೆ ಮಿಲಿಮೀಟರಿನ ರಾಗಿ ಕಾಳು ನಾಲ್ಕು ಸೆಂಟಿಮೀಟರೂ ಇಲ್ಲದ ಗೋಲಿ ಟೊಮೆಟೊ ಆಗುತ್ತದೆ, ಹರಾಜಿನಲ್ಲಿ ಅದನ್ನು ಕೂಗುವವರಿಲ್ಲ. ದಪ್ಪ ಸಾಸಿವೆ ಎರಡು ಮಿಲಿಮೀಟರ್, ಅಂದರೆ ಐದು ಸೆಂಟಿಮೀಟರಿನ ಹಣ್ಣು. ಒಳ್ಳೇ ಮಾಲು. ಎಲ್ಲವನ್ನೂ ಒಂದೇ ಕೆಂಪಿಗೆ ಅದ್ದಿದರೆ ಕುಂಕುಮದ ಗುಳಿಗೆಯಾದೀತು. ದೂರದ ಊರಿಗೆ ಹೋಗುವ ಟೊಮೆಟೊವನ್ನು ಪೂರ್ತಿ ಹಣ್ಣಾಗುವ ಮೊದಲೇ ಕೀಳುತ್ತಾರೆ. ಆದ್ದರಿಂದ ಒಂದು ಹಿಡಿ ಕಿತ್ತಳೆ, ಒಂದು ಹಿಡಿಗೆ ಹಸಿರು ಛಾಯೆ, ಮಿಕ್ಕಿದ್ದು ಕೆಂಪು. ಕಾಗದದ ಮೇಲೆ ಹರವಿ, ಬಣ್ಣ ಒಣಗಿದ ಮೇಲೆ ಬೆರೆಸಿ, ಫೆವಿಕಾಲ್ ಸವರಿದ ಕ್ರೇಟಿಗೆ ಚಮಚದಲ್ಲಿ ಸುರಿಯುವುದು.

"ಒಗ್ಗರಣೆಗೆ ಸಾಸಿವೆ ಇಲ್ಲ ರೀ," ಎಂದಳು ಹೆಂಡತಿ ಅಡುಗೆಮನೆಯಿಂದ. "ನಿಮ್ಮ ಟೊಮೆಟೊನೇ ಒಂದು ಚಮಚ ಕೊಡಿ."

ಫೋರ್ಡಿನ ತೊಟ್ಟಿಯಲ್ಲಿ ಒಂದು ವರಸೆಗೆ ಹನ್ನೆರಡು ಕ್ರೇಟು ಹಿಡಿಯುತ್ತದೆ. ಐದು ವರಸೆ ಏರಿಸಿದರೆ ಅರವತ್ತು, ಅಸಲಿ ಲೆಕ್ಕದಲ್ಲಿ 900 ಕೆಜಿ. ಎಫ್-100 ಅರ್ಧ ಟನ್ನಿನ ವರ್ಗದ ಗಾಡಿ. ಇದೇ ಜಾಸ್ತಿಯಾಯಿತೇನೋ ಎಂದು ನಾನು ಯೋಚಿಸುತ್ತಿದ್ದಾಗ ಪಕ್ಕದ ಬೀದಿಯ ಪಿಕಪ್ ಡ್ರೈವರು ಬಂದರು. ಮಂಡಿಗೆ ಮಾಲು ಹೊಡೆಯುವುದೇ ಅವರ ಕಸುಬು. ಕನ್ನಡಕ ಏರಿಸಿ ನೋಡಿದರು.

"ಅರವತ್ತೇನಾ ಸಾರ್? ಬಾಡಿಗೆ ಗಿಟ್ಟಲ್ಲ."

ಆಮೇಲೆ ಮೇಜಿನ ಮಟ್ಟಕ್ಕೆ ಕಣ್ಣು ತಂದು ಪಕ್ಕದಿಂದ ನೋಡಿದರು. "ಲೋಡು ಬಿದ್ದಿರೋ ಗಾಡಿ ಹಿಂಗೆ ನಿಂತ್ಕೊಳ್ಳಲ್ಲ. ಹಿಂದೆ ಕೂತ್ಕೋಬೇಕು, ಮುಂದೆ ಮೂತಿ ಎತ್ಬೇಕು. ರಾತ್ರಿ ಹೊತ್ತು ಲೈಟು ರಸ್ತೆಗೆ ಬೀಳಲ್ಲ ಸಾರ್, ಮರದ ಮೇಲಿರೋ ಗೂಬೆಗೆ ಬೀಳ್ತದೆ."

ಈ ಮಾತನ್ನು ಯಾವ ಕಿಟ್ಟಿನ ಸೂಚನಾ ಹಾಳೆಯಲ್ಲೂ ಬರೆದಿರುವುದಿಲ್ಲ. ಹಿಂದಿನ ಆಕ್ಸಲ್ ಕೂರುವ ಜಾಗವನ್ನು ಎರಡು ಮಿಲಿಮೀಟರ್ ಅರದಲ್ಲಿ ಉಜ್ಜಿದರೆ ಗಾಡಿ ಐದು ಸೆಂಟಿಮೀಟರ್ ಕುಸಿದ ಹಾಗೆ. ಬಿಲ್ಲಿನಂತಿದ್ದ ಕಮಾನನ್ನು ತೆಗೆದು, ಪ್ಲಾಸ್ಟಿಕ್ ಪಟ್ಟಿಗಳನ್ನು ಒಂದರ ಮೇಲೊಂದು ಅಂಟಿಸಿ ನೆಟ್ಟಗಾದ ಕಮಾನು ಕೂರಿಸಬೇಕು, ಹೆಚ್ಚುವರಿ ಪಟ್ಟಿ ಸೇರಿಸಿಯೇ. ಹಿಂದಿನ ಟೈರುಗಳ ಅಡಿಯನ್ನು ಎಮರಿ ಪೇಪರಿನ ಮೇಲೆ ಕೊಂಚ ತೇಯ್ದು ಚಪ್ಪಟೆ ಮಾಡಿದರೆ ಭಾರಕ್ಕೆ ಅಮುಕಿದ ಹಾಗೆ ಕಾಣುತ್ತದೆ. ಇಷ್ಟರಿಂದಲೇ ಥರ್ಮಕೋಲ್ ತುಂಬಿದ ಆ ಲೋಡಿಗೆ ಎಲ್ಲಿಲ್ಲದ ತೂಕ ಬಂತು. ಬಣ್ಣ ಮಾಡದ ಕೆಲಸವನ್ನು ಎರಡು ಮಿಲಿಮೀಟರ್ ಮಾಡಿತು.

ಬಣ್ಣದ ವಿಷಯದಲ್ಲಿ ನನಗೂ ಅಮೆರಿಕದ ಮಾದರಿಗಾರರಿಗೂ ಭಿನ್ನಾಭಿಪ್ರಾಯವಿದೆ. ಹಳೆಯ ಗಾಡಿ ಎಂದರೆ ಅವರಿಗೆ ತುಕ್ಕು. ಅವರ ಚಳಿ ಸೀಮೆಯಲ್ಲಿ ಹಿಮ ಕರಗಲಿ ಎಂದು ರಸ್ತೆಗೆ ಉಪ್ಪು ಎರಚುತ್ತಾರೆ, ಉಪ್ಪು ಗಾಡಿಯ ಅಡಿಯನ್ನು ತಿನ್ನುತ್ತದೆ. ಕೋಲಾರ ಒಣ ಸೀಮೆ. ಇಲ್ಲಿ ಗಾಡಿ ತುಕ್ಕಿಗಿಂತ ಮೊದಲು ಧೂಳಿಗೆ, ತಗ್ಗು ಬಿದ್ದ ತಗಡಿಗೆ, ಕ್ರೇಟು ಎಳೆದೆಳೆದು ಬಣ್ಣ ಹಾರಿದ ಅಂಚಿಗೆ ಮುದಿಯಾಗುತ್ತದೆ. ಅದಕ್ಕೊಂದು ಉಪಾಯವಿದೆ. ಮೊದಲು ಕಬ್ಬಿಣದ ಬಣ್ಣ ಹೊಡೆದು, ಒಣಗಿದ ಮೇಲೆ ಕೂದಲಿಗೆ ಹಾಕುವ ಹೇರ್ ಸ್ಪ್ರೇ, ಅದರ ಮೇಲೆ ಬಿಳಿ ಆಕ್ರಿಲಿಕ್. ಆಮೇಲೆ ಬೇಕಾದಲ್ಲಿ ನೀರು ಸವರಿ ಗಟ್ಟಿ ಬ್ರಷ್ಷಿನಲ್ಲಿ ತಿಕ್ಕಿದರೆ ಅಡಿಯ ಸ್ಪ್ರೇ ಕರಗಿ ಬಿಳಿ ಬಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ತೊಟ್ಟಿಯ ಅಂಚು, ಹಿಂದಿನ ಡೋರಿನ ತಲೆ, ಡ್ರೈವರು ಮೊಣಕೈ ಊರುವ ಬಾಗಿಲಿನ ಮೇಲಂಚು, ಇಷ್ಟೇ ಸಾಕು. ಬಂಪರಿನ ಕ್ರೋಮ್ ಹೊಳಪನ್ನು ಬಟ್ಟೆಗೆ ಹಾಕುವ ಬ್ಲೀಚಿನಲ್ಲಿ ನೆನೆಸಿ ತೆಗೆದೆ. ಮಂಡಿಗೆ ಹೋಗುವವನಿಗೆ ಕನ್ನಡಿ ಬಂಪರು ಯಾಕೆ?

ಧೂಳಿಗೆ ಮಾತ್ರ ಪೇಟೆಯ ಪುಡಿ ಬೇಡ, ಅಂತರಗಂಗೆ ಬೆಟ್ಟದ ಕಡೆಯ ಕೆಂಪು ಮಣ್ಣೇ ಇದೆ. ಹಾಗೇ ಉದುರಿಸುವಂತಿಲ್ಲ. ಅರ್ಧ ಮಿಲಿಮೀಟರಿನ ಒಂದು ಮರಳ ಕಣ ಈ ಅಳತೆಯಲ್ಲಿ ಹನ್ನೆರಡು ಎಂಎಂ ಜಲ್ಲಿ ಕಲ್ಲು. ಹಳೆಯ ಪಂಚೆಯಲ್ಲಿ ಜಾಲಿಸಿ, ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣುಪಾದದ್ದನ್ನೇ ಒಣ ಬ್ರಷ್ಷಿನಲ್ಲಿ ಚಕ್ರದ ಸುತ್ತ, ಮಡ್‌ಗಾರ್ಡಿನ ಒಳಗೆ ಒತ್ತಬೇಕು. ಕೊನೆಯದಾಗಿ ಟೊಮೆಟೊ ರಸ. ಅಡಿ ವರಸೆಯ ಹಣ್ಣು ಒಡೆದು ಸೋರಿದ ರಸ ಹಿಂದಿನ ಡೋರಿನ ಮೇಲೆ ಇಳಿದು, ಅದಕ್ಕೆ ಧೂಳು ಮೆತ್ತಿ ಗೆರೆಗಳಾಗಿರುತ್ತವೆ. ಹೊಳೆಯುವ ವಾರ್ನಿಷಿಗೆ ಒಂದು ತೊಟ್ಟು ಕಿತ್ತಳೆ ಬೆರೆಸಿ, ಸೂಜಿಯ ಮೊನೆಯಲ್ಲಿ ಮೇಲಿನಿಂದ ಕೆಳಕ್ಕೆ ಎಳೆದರೆ ಆಯಿತು. ಡ್ರೈವರು ಇದನ್ನು ಮೂಸಿ ನೋಡಿದರು.

ಬರವಣಿಗೆ ಉಳಿದಿದೆ. ಮುಂದಿನ ಗಾಜಿನ ಮೇಲೆ 'ಶ್ರೀ ಕೋಲಾರಮ್ಮ ಪ್ರಸನ್ನ' ಎಂದು ಬರಲೇಬೇಕು. ಡೆಕಾಲ್ ಹಾಳೆಯ ಮೇಲೆ ಪ್ರಿಂಟ್ ತೆಗೆದು, ನೀರಿನಲ್ಲಿ ನೆನೆಸಿ ಜಾರಿಸಿ ಕೂರಿಸುವುದು ಕ್ರಮ. ಆದರೆ ಮನೆಯ ಪ್ರಿಂಟರಿಗೆ ಬಿಳಿ ಶಾಯಿ ಇಲ್ಲ, ಮೇಲಾಗಿ ಈ ಗಾತ್ರದಲ್ಲಿ ಒತ್ತಕ್ಷರಗಳೆಲ್ಲ ಕೂಡಿಕೊಂಡು ಅಮ್ಮನವರು ಇರುವೆ ಸಾಲಾಗುತ್ತಾರೆ. ಕೆಂಪು ಪಟ್ಟಿಯ ಮೇಲೆ ಹಳದಿ ಅಕ್ಷರವನ್ನು ಮೂರೆಳೆ ಬ್ರಷ್ಷಿನಲ್ಲಿ ಕೈಯಲ್ಲೇ ಬರೆಯಬೇಕಾಯಿತು. ನಂಬರ್ ಪ್ಲೇಟು ಹಳದಿ, ಕಪ್ಪಕ್ಷರ, ಕೆಎ 07.

ಹಿಂದಿನ ಡೋರಿನ ಮೇಲೆ ಉಬ್ಬಿಕೊಂಡಿದ್ದ ಫೋರ್ಡ್ ಹೆಸರನ್ನು ತೇಯ್ದು ಹಾಕಿದ್ದೇನೆ. ಆ ಜಾಗಕ್ಕೆ ಈಗ ಪೈಪೋಟಿ. ತಮ್ಮ ಇಬ್ಬರು ಹೆಣ್ಣುಮಕ್ಕಳ ಹೆಸರು ಬರೆಯಿರಿ ಎನ್ನುತ್ತಾರೆ ಡ್ರೈವರು, ಅವರ ಅಸಲಿ ಗಾಡಿಯ ಹಿಂದೆಯೂ ಅದೇ ಇದೆ. ಸಾಸಿವೆ ಯಾರದು ಎಂದು ಕೇಳುತ್ತಾಳೆ ಹೆಂಡತಿ. ನಾನು ಹಗ್ಗ, ಟಾರ್ಪಾಲಿನ ಕೆಲಸ ಮೊದಲು ಮುಗಿಯಲಿ ಎಂದು ದಿನ ದೂಡುತ್ತಿದ್ದೇನೆ. ಟಾರ್ಪಾಲು ಪೂರ್ತಿ ಇಳಿಬಿಟ್ಟರೆ ಡೋರೇ ಕಾಣುವುದಿಲ್ಲವಲ್ಲ ಎಂದು ಒಮ್ಮೆ ಹೇಳಿ ನೋಡಿದೆ. ಇಬ್ಬರೂ ಒಪ್ಪಲಿಲ್ಲ.