ಬೆಳ್ಳಕ್ಕಿ ಬೂದಿ ಬಣ್ಣಕ್ಕೆ ತಿರುಗಿದ್ದು ಸಾಫ್ಟ್‌ವೇರ್ ಪುಕ್ಕಟೆ ಅಂತಲ್ಲ

ಇವತ್ತು ಬೆಳಿಗ್ಗೆ ನಮ್ಮ ಫೋಟೊ ಗುಂಪಿಗೆ ಮಂಡಗದ್ದೆ ಪಕ್ಷಿಧಾಮದ ಒಂದು ಪಟ ಬಂತು. ತುಂಗೆ ತುಂಬಿ ಹರಿಯುತ್ತಿದ್ದಾಳೆ, ನಡುಗಡ್ಡೆಯ ಮರದ ಮೇಲೊಂದು ಬೆಳ್ಳಕ್ಕಿ, ರೆಕ್ಕೆ ಅರ್ಧ ಬಿಚ್ಚಿದೆ. ಎಷ್ಟು ಚೆಂದದ ಕ್ಷಣ! ಆದರೆ ಹಕ್ಕಿಗೆ ಬೂದಿ ಬಳಿದ ಹಾಗಿದೆ, ಹಿಂದಿನ ಹಸಿರು ಬಾಡಿದ ಹಾಗಿದೆ. ಕೆಳಗೆ ಬರೆದಿದ್ದರು: "ಡಾರ್ಕ್‌ಟೇಬಲ್ ಹಾಕಿ ನೋಡಿದೆ. ಪುಕ್ಕಟೆ ಸಾಫ್ಟ್‌ವೇರ್ ಹಣೆಬರಹ ಇಷ್ಟೇ. ವಾಪಸ್ ಲೈಟ್‌ರೂಮಿಗೇ ಹೋಗ್ತೀನಿ." ಅದಕ್ಕೆ ಸಾಲು ಸಾಲು ಹೌದು ಹೌದು. ಎರಡೂ ಪಟ ತಿದ್ದುವ ಪ್ರೋಗ್ರಾಮುಗಳೇ: ಡಾರ್ಕ್‌ಟೇಬಲ್ ಪುಕ್ಕಟೆ, ಅಡೋಬಿ ಕಂಪನಿಯ ಲೈಟ್‌ರೂಮಿಗೆ ತಿಂಗಳ ಬಾಡಿಗೆ.

ಸಿಟ್ಟು ಬಂದಿದೆ ನನಗೆ. ಪಟ ತೆಗೆದವರ ಮೇಲೆ ಖಂಡಿತ ಇಲ್ಲ. ಫೈಲ್ ತೆರೆದ ಹತ್ತು ನಿಮಿಷದಲ್ಲಿ ಕೊಟ್ಟ ಆ ತೀರ್ಪಿನ ಮೇಲೆ. ಇದೇ ತೀರ್ಪು ಕೇಳಿ ಕೇಳಿ ಎಷ್ಟೋ ಹವ್ಯಾಸಿಗಳು ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತಲೇ ಇದ್ದಾರೆ.

ಹಸಿ ಅಡಿಕೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸುಲಿದು, ಬೇಯಿಸಿ, ಬಣ್ಣ ಕೊಡುವ ಚೊಗರು ಹಾಕಿ, ಅಟ್ಟದ ಮೇಲೆ ಒಣಗಿಸಿದ ಮೇಲಷ್ಟೇ ಅದಕ್ಕೆ ಆ ಕೆಂಪು. ರಾ ಫೈಲ್, ಅಂದರೆ ಕ್ಯಾಮೆರಾದ ಸೆನ್ಸರ್ ಕಂಡದ್ದನ್ನು ಸಂಸ್ಕರಿಸದೆ ಹಾಗೇ ಇಟ್ಟ ಫೈಲ್, ಅದೂ ಹಸಿ ಅಡಿಕೆಯೇ. ಲೈಟ್‌ರೂಮ್ ಅದನ್ನು ತೆರೆಯುವಾಗಲೇ ಅಡೋಬಿ ಕಲರ್ ಎಂಬ ಪ್ರೊಫೈಲ್ ಹಚ್ಚಿ ಕಾಂಟ್ರಾಸ್ಟ್ ಮತ್ತು ಬಣ್ಣ ಕೊಟ್ಟೇ ನಿಮ್ಮ ಮುಂದೆ ಇಡುತ್ತದೆ. ಕ್ಯಾಮೆರಾದ ಜೆಪಿಜಿಯೂ ಹಾಗೆಯೇ. ಡಾರ್ಕ್‌ಟೇಬಲ್ ಚೊಗರನ್ನು ನಿಮ್ಮ ಕೈಗೆ ಕೊಡುತ್ತದೆ. ಬೇಯಿಸುವ ಮುಂಚಿನ ಅಡಿಕೆಯನ್ನು ಬೇಯಿಸಿದ್ದರ ಪಕ್ಕ ಇಟ್ಟು "ಬಣ್ಣ ಇಲ್ಲ" ಅಂದರೆ ಹೇಗೆ ಮಾರಾಯ್ರೆ?

ಮೊದಲ ನೋಟಕ್ಕೇ ಕ್ಯಾಮೆರಾದ ಬಣ್ಣ ಬೇಕು ಅನ್ನುವವರಿಗೂ ದಾರಿ ಇದೆ. 2024ರ ಡಿಸೆಂಬರಿನಲ್ಲಿ ಬಂದ ಡಾರ್ಕ್‌ಟೇಬಲ್ 5.0ರಿಂದ ಈಚೆಗೆ 500ಕ್ಕೂ ಹೆಚ್ಚು ಕ್ಯಾಮೆರಾ ಮಾದರಿಗಳ ಸ್ಟೈಲ್‌ಗಳು (ಸಿದ್ಧ ಹೊಂದಾಣಿಕೆಗಳು) ಪ್ರೋಗ್ರಾಮಿನ ಜೊತೆಗೇ ಬರುತ್ತವೆ. ಪಟಗಳೆಲ್ಲ ಸಾಲಾಗಿ ಕಾಣುವ ಲೈಟ್‌ಟೇಬಲ್ ಪರದೆಯ ಬಲಗಡೆ ಸ್ಟೈಲ್ಸ್ ತೆರೆದು ನಿಮ್ಮ ಕ್ಯಾಮೆರಾದ ಹೆಸರು ಹುಡುಕಿ, ಪಟಗಳನ್ನೆಲ್ಲ ಆರಿಸಿ ಒಂದೇ ಸಲಕ್ಕೆ ಹಾಕಿ. ಬೆಳಕು, ಕಾಂಟ್ರಾಸ್ಟ್, ಬಣ್ಣದ ಗಾಢತೆ ಕ್ಯಾಮೆರಾ ಜೆಪಿಜಿಯ ಹತ್ತಿರಕ್ಕೆ ಬರುತ್ತದೆ. ಅಷ್ಟೂ ಬೇಡ ಅಂದರೆ ರಾಥೆರಪಿ ಇದೆ, ಅದೂ ಪುಕ್ಕಟೆ. ಅದರ ಆಟೋ ಮ್ಯಾಚ್ಡ್ ಕರ್ವ್ ಪ್ರೊಫೈಲ್ ರಾ ಫೈಲಿನೊಳಗೆ ಅಡಗಿರುವ ಚಿಕ್ಕ ಜೆಪಿಜಿಯನ್ನು ನೋಡಿ, ಅದಕ್ಕೆ ಹೊಂದುವ ಕತ್ತಲು ಬೆಳಕಿನ ಗೆರೆಯನ್ನು (ಕರ್ವ್) ತಾನೇ ಎಳೆಯುತ್ತದೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಳೆಯ ಲ್ಯಾಪ್‌ಟಾಪಿನವರು ಮೊದಲು ಇದನ್ನೇ ನೋಡಿ. ರಾಥೆರಪಿ ಪ್ರೊಸೆಸರಿನ ಮೇಲೇ ಓಡುವಂಥದ್ದು. ಡಾರ್ಕ್‌ಟೇಬಲ್ ಗ್ರಾಫಿಕ್ಸ್ ಕಾರ್ಡ್ ಸಿಕ್ಕರೆ ಚುರುಕು, ಸಿಗದಿದ್ದರೆ ಭಾರದ ಮಾಡ್ಯೂಲ್‌ಗಳಲ್ಲಿ (ಒಂದೊಂದು ತಿದ್ದುಪಡಿಗೆ ಇರುವ ಸಲಕರಣೆಗಳಲ್ಲಿ) ಏದುಸಿರು ಬಿಡುತ್ತದೆ. 8 ಜಿಬಿ ರ್‍ಯಾಮ್ ಇದ್ದರೆ ನೆಮ್ಮದಿ.

ಇನ್ನು ಆ ಬೆಳ್ಳಕ್ಕಿ. ಅವರು ಹಾಕಿದ ಸ್ಕ್ರೀನ್‌ಶಾಟ್ ದೊಡ್ಡದು ಮಾಡಿ ನೋಡಿದೆ. ಫಿಲ್ಮಿಕ್ ಆರ್‌ಜಿಬಿ ಮತ್ತು ಸಿಗ್ಮಾಯ್ಡ್ ಎಂಬ ಮಾಡ್ಯೂಲ್‌ಗಳು ಎರಡೂ ಆನ್ ಆಗಿವೆ! ಎರಡರ ಕೆಲಸವೂ ಒಂದೇ. ಸೆನ್ಸರ್ ಕಂಡ ಬೆಳಕಿನ ದೊಡ್ಡ ವ್ಯಾಪ್ತಿಯನ್ನು ನಮ್ಮ ಪರದೆ ತೋರಿಸಬಲ್ಲ ಮಿತಿಯೊಳಗೆ ಇಳಿಸುವುದು. ಒಂದು ಇಳಿಸಿ ಮುಗಿಸಿದ್ದನ್ನು ಇನ್ನೊಂದು ಮತ್ತೆ ಇಳಿಸಿದರೆ ಬಿಳಿ ಬಿಳಿಯಾಗಿ ಉಳಿಯಲು ಸಾಧ್ಯವೇ ಇಲ್ಲ, ಬೂದಿಗೆ ಇಳಿಯುತ್ತದೆ. 5.4ರಿಂದ ಎಜಿಎಕ್ಸ್ ಅಂತ ಇದೇ ಕೆಲಸದ ಮೂರನೆಯದೂ ಸೇರಿದೆ. ಒಂದು ಪಟಕ್ಕೆ ಈ ಮೂರರಲ್ಲಿ ಒಂದೇ ಒಂದು. ಹೊಸಬರು ಸಿಗ್ಮಾಯ್ಡ್ ಇಟ್ಟುಕೊಳ್ಳಿ, ಅದರಲ್ಲಿ ಎಳೆಯುವ ಗುಂಡಿಗಳು ಕಡಿಮೆ.

ಇದರ ಅಣ್ಣತಮ್ಮನಂಥ ಇನ್ನೊಂದು ತಪ್ಪು ವೈಟ್ ಬ್ಯಾಲೆನ್ಸಿನದು, ಅಂದರೆ ಬೆಳಕಿನ ಬಣ್ಣ ತೆಗೆದು ಬಿಳಿಯನ್ನು ಬಿಳಿಯಾಗಿಸುವ ತಿದ್ದುಪಡಿಯದು. ಡಾರ್ಕ್‌ಟೇಬಲ್‌ನ ಈಗಿನ ಪದ್ಧತಿಯಲ್ಲಿ ಬಣ್ಣ ತಿದ್ದುವುದು ಕಲರ್ ಕ್ಯಾಲಿಬ್ರೇಶನ್ ಮಾಡ್ಯೂಲಿನಲ್ಲಿ. ಹಳೆಯ ವೈಟ್ ಬ್ಯಾಲೆನ್ಸ್ ಮಾಡ್ಯೂಲನ್ನು ಪಟ ತೆರೆದಾಗ ಇದ್ದ ಹಾಗೆಯೇ ಬಿಡಬೇಕು. ಲೈಟ್‌ರೂಮಿನ ಅಭ್ಯಾಸದಲ್ಲಿ ಕೈ ನೇರ ಅಲ್ಲಿಗೇ ಹೋಗುತ್ತದೆ, ಆಮೇಲೆ ಕ್ಯಾಲಿಬ್ರೇಶನ್ನೂ ತಿರುಗಿಸುತ್ತಾರೆ. ತಿದ್ದುಪಡಿ ಎರಡು ಸಲ ಬಿದ್ದು ಹಸಿರು ಹಳದಿಗೋ ನೀಲಿಗೋ ಜಾರುತ್ತದೆ. ಪ್ರೋಗ್ರಾಮ್ ಕೆಂಪಕ್ಷರದಲ್ಲಿ ಎಚ್ಚರಿಸುತ್ತದೆ ಕೂಡ, ದಯವಿಟ್ಟು ಓದಿ. ನಮ್ಮ ಅಡಿಕೆ ತೋಟದ ಪಟಗಳಲ್ಲಿ ಇದು ಇನ್ನೂ ಮುಖ್ಯ. ಸೋಗೆಯಿಂದ ಸೋಸಿ ಬರುವ ಬೆಳಕಿಗೆ ಮನುಷ್ಯರ ಮುಖವೂ ಹಸಿರು ಹೊಡೆಯುತ್ತದೆ. ಇಡೀ ಪಟದ ಬಣ್ಣ ತಿರುಗಿಸಿದರೆ ತೋಟ ಸತ್ತುಹೋಗುತ್ತದೆ. ಕಲರ್ ಕ್ಯಾಲಿಬ್ರೇಶನ್ನಿನ ಎರಡನೆಯ ಪ್ರತಿ ತೆಗೆದು, ಮುಖದ ಮೇಲೆ ಮಾತ್ರ ಮಾಸ್ಕ್ (ತಿದ್ದುಪಡಿ ತಾಗುವ ಜಾಗದ ಗೆರೆ) ಬರೆದು, ಅಂಚನ್ನು ಮೆತ್ತಗೆ ಮಾಡಿ ತಿದ್ದಿ. ಸೋಗೆಯ ಹಸಿರು ಹಾಗೇ ಉಳಿಯುತ್ತದೆ.

ಕ್ರಮ ಕೇಳುತ್ತೀರಾದರೆ: ಮೊದಲು ಎಕ್ಸ್‌ಪೋಷರ್, ಅಂದರೆ ಪಟದ ಒಟ್ಟು ಬೆಳಕು. ತೆರೆದಾಗ ಪ್ರೋಗ್ರಾಮೇ 0.7 ಇವಿ (ಬೆಳಕಿನ ಅಳತೆ) ಏರಿಸಿರುತ್ತದೆ, ಬೆಚ್ಚಬೇಡಿ. ಪಟದ ಮುಖ್ಯ ಭಾಗ ಸರಿ ಕಾಣುವಷ್ಟು ಏರಿಸಿ ಇಳಿಸಿ, ಆಕಾಶ ಹಾರಿಹೋಯಿತು ಅಂತ ಆಗಲೇ ಎಳೆಯಬೇಡಿ. ಆಮೇಲೆ ಸಿಗ್ಮಾಯ್ಡ್‌ನಲ್ಲಿ ಕಾಂಟ್ರಾಸ್ಟ್. ಉಳಿದ ಕತ್ತಲು ಬೆಳಕಿನ ಜಗಳವನ್ನು ಟೋನ್ ಈಕ್ವಲೈಜರ್ ಬಿಡಿಸುತ್ತದೆ. ಬಣ್ಣಕ್ಕೆ ಕಲರ್ ಬ್ಯಾಲೆನ್ಸ್ ಆರ್‌ಜಿಬಿ ತೆಗೆದು ಬೇಸಿಕ್ ಕಲರ್‌ಫುಲ್‌ನೆಸ್ ಎಂಬ ಪ್ರಿಸೆಟ್ ಒತ್ತಿ, ಮಳೆಗಾಲದ ಗದ್ದೆಯ ಹಸಿರು ಆಗ ಎದ್ದು ಬರುತ್ತದೆ. ಕಪ್ಪೆ, ಮಿಂಚುಹುಳು ಅಂತ ಕತ್ತಲಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200ರ ಮೇಲೆ ಹೋದವರಿಗೆ, ಪಟ ಕಾಳು ಕಾಳಾಗುವುದನ್ನು ತಗ್ಗಿಸುವ ಡಿನಾಯ್ಸ್ ಪ್ರೊಫೈಲ್ಡ್ ಇದೆ. ಯಾವ ಕ್ಯಾಮೆರಾದಲ್ಲಿ ಯಾವ ಐಎಸ್‌ಒಗೆ ಎಷ್ಟು ಕಾಳು ಬೀಳುತ್ತದೆ ಎಂದು ಮೊದಲೇ ಅಳೆದಿಟ್ಟ ಲೆಕ್ಕದ ಮೇಲೆ ಅದು ನಡೆಯುತ್ತದೆ. ಕೊಡಚಾದ್ರಿಯ ಮಂಜಿಗೆ ಮಬ್ಬು ತೆಗೆಯುವ ಹೇಜ್ ರಿಮೂವಲ್ ಹಾಕುವವರನ್ನು ಕಂಡರೆ ಮಾತ್ರ ನನಗೆ ಬೇಜಾರಾಗುತ್ತದೆ. ಬೆಟ್ಟ ಹತ್ತಿದ್ದೇ ಆ ಮಂಜಿಗಲ್ಲವೇ?

ಇಷ್ಟೆಲ್ಲ ಯಾಕೆ, ಬಾಡಿಗೆ ಕಟ್ಟಿದರಾಯಿತಲ್ಲ ಅನ್ನಬಹುದು. 2015ರಲ್ಲಿ ಬಂದ ಲೈಟ್‌ರೂಮ್ 6 ಒಂದೇ ಸಲ ದುಡ್ಡು ಕೊಟ್ಟು ಕೊಳ್ಳಬಹುದಾಗಿದ್ದ ಕೊನೆಯ ಆವೃತ್ತಿ. 2017ರಿಂದ ಹೊಸದೆಲ್ಲ ಬಾಡಿಗೆಯ ಮೇಲೆ. ಕಟ್ಟುವುದು ನಿಲ್ಲಿಸಿದರೆ ಲೈಟ್‌ರೂಮ್ ಕ್ಲಾಸಿಕ್ ತೆರೆಯುತ್ತದೆ, ಪಟ ಕಾಣುತ್ತದೆ, ಪಟ ತಿದ್ದುವ ಡೆವಲಪ್ ವಿಭಾಗ ಮಾತ್ರ ಮುಚ್ಚಿರುತ್ತದೆ. ನೀವೇ ತಿದ್ದಿದ ಪಟದ ಒಂದು ಮಾಸ್ಕ್ ಬದಲಿಸಬೇಕಾದರೂ ಮತ್ತೆ ಬಾಡಿಗೆ. ಅಡಿಕೆ ದುಡ್ಡು ಬರುವುದು ವರ್ಷಕ್ಕೊಮ್ಮೆ, ಕೊಳೆರೋಗ ಬಂದ ವರ್ಷ ಅದೂ ಅರ್ಧ. ಬಾಡಿಗೆ ಮಾತ್ರ ಪ್ರತಿ ತಿಂಗಳೂ ಹೋಗುತ್ತದೆ, ಜೋರು ಮಳೆಗೆ ಕ್ಯಾಮೆರಾ ಹೊರಗೆ ತೆಗೆಯದ ತಿಂಗಳಿನಲ್ಲೂ. ಮದುವೆ ಪಟ ತೆಗೆಯುವವರ ಮಾತು ಬೇರೆ. ಒಂದು ಮದುವೆಗೆ ಸಾವಿರಾರು ಪಟ, ಅವರಿಗೆ ಆ ವೇಗವೇ ಸಂಪಾದನೆ.

ಆಕಾಶವನ್ನು, ಹಕ್ಕಿಯನ್ನು ತಾನೇ ಗುರುತಿಸಿ ಮಾಸ್ಕ್ ಮಾಡುವುದರಲ್ಲಿ ಲೈಟ್‌ರೂಮ್ ಮುಂದಿದೆ, ಅದು ನಿಜ. 2023ರಲ್ಲಿ ಬಂದ ಅದರ ಎಐ ಡಿನಾಯ್ಸ್ ಕೂಡ ಬಲು ಚೆನ್ನಾಗಿದೆ. ಆದರೆ ತಿಂಗಳಿಗೆ ಹತ್ತು ಹನ್ನೆರಡು ಪಟ ತಿದ್ದುವ ಹವ್ಯಾಸಿಗೆ ಹಕ್ಕಿಯ ಸುತ್ತ ಮಾಸ್ಕ್ ಎಳೆಯಲು ಬೇಕಾದದ್ದು ಎರಡು ನಿಮಿಷ. ಆ ಎರಡು ನಿಮಿಷ ಉಳಿಸಲು ವರ್ಷಪೂರ್ತಿ ಬಾಡಿಗೆ ಯಾಕೆ?

ಕ್ರ್ಯಾಕ್ ಮಾಡಿದ ಕಾಪಿ ಹಾಕಿಕೊಡುತ್ತೇವೆ ಅನ್ನುವವರಿಂದ ದೂರ ಇರಿ. ಆಂಟಿವೈರಸ್ ಆಫ್ ಮಾಡು ಅಂತ ಕೇಳುವ ಯಾವ ಫೈಲೂ ನಿಮ್ಮ ಮಕ್ಕಳ ಪಟ, ಬ್ಯಾಂಕಿನ ವ್ಯವಹಾರ ಇರುವ ಕಂಪ್ಯೂಟರಿಗೆ ಬರಬಾರದು.

ಬದಲಾಯಿಸುವಾಗ ನಿಜವಾಗಿ ಕೆಡುವುದು ಎಲ್ಲಿ ಅಂತ ಯಾರೂ ಹೇಳುವುದಿಲ್ಲ, ಎಲ್ಲರಿಗೂ ಬಣ್ಣದ್ದೇ ಚಿಂತೆ. ಕೆಡುವುದು ಹಳೆಯ ತಿದ್ದುಪಡಿಗಳಲ್ಲಿ. ಬಾಡಿಗೆ ಇನ್ನೂ ಚಾಲ್ತಿಯಲ್ಲಿರುವಾಗಲೇ ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಪಟಗಳನ್ನೆಲ್ಲ ಆರಿಸಿ ಕಂಟ್ರೋಲ್ ಎಸ್ ಒತ್ತಿ. ನಕ್ಷತ್ರ, ಕೀವರ್ಡ್, ತಿದ್ದುಪಡಿ ಎಲ್ಲ ರಾ ಫೈಲಿನ ಪಕ್ಕದಲ್ಲಿ ಎಕ್ಸ್‌ಎಂಪಿ ಫೈಲಾಗಿ ಕೂರುತ್ತವೆ. ಡಾರ್ಕ್‌ಟೇಬಲ್ ಅದರಿಂದ ನಕ್ಷತ್ರ, ಕೀವರ್ಡ್, ಕ್ರಾಪ್‌ನಂಥ ಕೆಲವನ್ನು ಓದುತ್ತದೆ, ಎಲ್ಲವನ್ನೂ ಅಲ್ಲ. ಕಲೆಕ್ಷನ್ (ನೀವು ಮಾಡಿಕೊಂಡ ಪಟಗಳ ಗುಂಪು) ಮತ್ತು ವರ್ಚುವಲ್ ಕಾಪಿಗಳು (ಒಂದೇ ಪಟದ ಬೇರೆ ಬೇರೆ ತಿದ್ದುಪಡಿ) ಎಕ್ಸ್‌ಎಂಪಿಗೆ ಇಳಿಯುವುದೇ ಇಲ್ಲ. ಆದ್ದರಿಂದ ಕಲೆಕ್ಷನ್ ಹೆಸರುಗಳನ್ನು ಮೊದಲೇ ಕೀವರ್ಡ್ ಮಾಡಿಬಿಡಿ. ನಿಮಗೆ ಪ್ರಾಣವಾದ ಪಟಗಳನ್ನು 16 ಬಿಟ್ ಟಿಫ್ ಆಗಿ ಹೊರತೆಗೆಯಿರಿ. 24 ಮೆಗಾಪಿಕ್ಸೆಲ್ ಪಟ ಅಂದರೆ 2.4 ಕೋಟಿ ಚುಕ್ಕೆ, ಚುಕ್ಕೆಗೆ ಮೂರು ಬಣ್ಣ, ಬಣ್ಣಕ್ಕೆ 2 ಬೈಟ್, ಹತ್ತಿರ ಹತ್ತಿರ 144 ಎಂಬಿ. ನೂರು ಪಟಕ್ಕೆ 14 ಜಿಬಿ ಚಿಲ್ಲರೆ. ಪ್ರತಿಯೊಂದನ್ನೂ ಹಾಗೆ ಮಾಡಿದರೆ ಡಿಸ್ಕ್ ತುಂಬುತ್ತದೆ, ಉಳಿದದ್ದಕ್ಕೆ ಒಳ್ಳೆಯ ಗುಣಮಟ್ಟದ ಜೆಪಿಜಿ ಸಾಕು.

ಎರಡೂ ಪ್ರೋಗ್ರಾಮನ್ನು ಕೆಲವು ತಿಂಗಳು ಒಟ್ಟಿಗೆ ಇಟ್ಟುಕೊಳ್ಳಲು ಭಯ ಬೇಡ. ಲೈಟ್‌ರೂಮ್ ಬರೆಯುವ ಎಕ್ಸ್‌ಎಂಪಿಯ ಹೆಸರಿನಲ್ಲಿ ರಾ ಫೈಲಿನ ಬಾಲ ಇರುವುದಿಲ್ಲ, ಡಾರ್ಕ್‌ಟೇಬಲ್ ಬರೆಯುವುದರಲ್ಲಿ ಎನ್‌ಇಎಫ್, ಸಿಆರ್2 ಎಂಬ ಬಾಲ ಸೇರಿಯೇ ಇರುತ್ತದೆ. ಒಂದರ ಮೇಲೊಂದು ಬರೆಯುವುದಿಲ್ಲ. ಆದರೆ ಫೋಲ್ಡರನ್ನು ಹೊರಗಿನಿಂದ ಎಳೆದು ಬೇರೆ ಕಡೆ ಹಾಕಬೇಡಿ. ಹಾಕಿದರೆ ಡಾರ್ಕ್‌ಟೇಬಲ್ ಪಟದ ಜಾಗದಲ್ಲಿ ತಲೆಬುರುಡೆ ತೋರಿಸುತ್ತದೆ. ಸ್ಥಳ ಬದಲಿಸುವುದಿದ್ದರೆ ಪ್ರೋಗ್ರಾಮಿನ ಒಳಗಿಂದಲೇ ಬದಲಿಸಿ.

ಅಫಿನಿಟಿ ಎಂಬ ಇನ್ನೊಂದು ಪ್ರೋಗ್ರಾಮೂ 2025ರ ಅಕ್ಟೋಬರಿನಿಂದ ಪುಕ್ಕಟೆ ಸಿಗುತ್ತಿದೆ, ಕ್ಯಾನ್ವಾ ಖಾತೆ ಬೇಕು. ಪಟ ಜೋಡಿಸುವ, ಬೇಡದ ತಂತಿ ಅಳಿಸುವ ಕೆಲಸಕ್ಕೆ ಚೆನ್ನಾಗಿದೆ. ಅದು ಒಂದು ಕಂಪನಿಯ ಸೊತ್ತು ಅನ್ನುವುದು ನೆನಪಿರಲಿ, ಮುಗಿದ ಪಟದ ಒಂದು ಟಿಫ್ ಪಕ್ಕದಲ್ಲಿಡಿ. ಅದೇ ಕೆಲಸಕ್ಕೆ ಜಿಂಪ್ ಇದೆ. 2025ರ ಮಾರ್ಚಿನ 3.0ರಿಂದ ಹಾಕಿದ ಫಿಲ್ಟರನ್ನು ಆಮೇಲೂ ಬದಲಿಸಬಹುದು. ಜಿಂಪ್ ರಾ ಫೈಲನ್ನು ತಾನೇ ತೆರೆಯುವುದಿಲ್ಲ, ಡಾರ್ಕ್‌ಟೇಬಲ್‌ಗೋ ರಾಥೆರಪಿಗೋ ದಾಟಿಸುತ್ತದೆ.

ಮಂಡಗದ್ದೆಯ ಪಟ ತೆಗೆದ ಗೆಳೆಯರೇ, ಆ ರಾ ಫೈಲ್ ಅಳಿಸಬೇಡಿ. ಫಿಲ್ಮಿಕ್ ಆಫ್ ಮಾಡಿ, ಸಿಗ್ಮಾಯ್ಡ್ ಇರಲಿ. ಪರದೆಯ ಕೆಳತುದಿಯ ಪಟ್ಟಿಯಲ್ಲಿರುವ ರಾ ಓವರ್‌ಎಕ್ಸ್‌ಪೋಸ್ಡ್ ಗುಂಡಿ ಒತ್ತಿ ನೋಡಿ. ಬೆನ್ನಿನ ಗರಿಗಳ ಮೇಲೆ ಗುರುತು ಬೀಳದಿದ್ದರೆ ಗರಿಯ ಎಳೆ ಎಳೆಯೂ ಫೈಲಿನಲ್ಲಿದೆ. ಟೋನ್ ಈಕ್ವಲೈಜರ್‌ನಲ್ಲಿ ಬೆಳಕಿನ ತುದಿಯನ್ನು ಅರ್ಧ ಇವಿ ಇಳಿಸಿ, ಹಿಂದಿನ ಎಲೆಗಳ ಕತ್ತಲನ್ನು ಒಂದಿಷ್ಟು ಏರಿಸಿ. ಸಂಜೆಯೊಳಗೆ ಗುಂಪಿಗೆ ಇನ್ನೊಂದು ಸಲ ಹಾಕಿ, ಕಾಯುತ್ತಿರುತ್ತೇನೆ.