ಗೆಡ್ಡೆ ಇಟ್ಟುಕೊಂಡು ಆಫೀಸಿಗೆ

“ತಲೆಯೊಳಗೆ ಗೆಡ್ಡೆ ಇಟ್ಟುಕೊಂಡು ಅದು ಹೇಗೋ ದಿನಾ ಆಫೀಸಿಗೆ ಹೋಗುತ್ತೀಯ?” ಶಿವಮೊಗ್ಗದಿಂದ ಅಕ್ಕನ ಫೋನು. ನಾನಿರುವ ಬರ್ಮಿಂಗ್‌ಹ್ಯಾಮಿನ ಡಾಕ್ಟರಿಗೆ ಆಪರೇಷನ್ ಬರುವುದಿಲ್ಲ ಎಂದೇ ಅವಳ ತೀರ್ಮಾನ.

ಗೆಡ್ಡೆ ಇರುವುದು ಒಳಕಿವಿಯಿಂದ ಮಿದುಳಿಗೆ ಹೋಗುವ ಸಮತೋಲನದ ನರದ ಹೊದಿಕೆಯಲ್ಲಿ. ಹೆಸರು ವೆಸ್ಟಿಬುಲಾರ್ ಶ್ವಾನ್ನೋಮಾ. ಕ್ಯಾನ್ಸರ್ ಅಲ್ಲ. ಎಷ್ಟೋ ಗೆಡ್ಡೆಗಳು ವರ್ಷಗಟ್ಟಲೆ ಬೆಳೆಯುವುದೇ ಇಲ್ಲ; ಬೆಳೆದರೂ ಸಾಮಾನ್ಯವಾಗಿ ವರ್ಷಕ್ಕೆ 1–2 ಮಿಲಿಮೀಟರ್. ನನ್ನದರ ಗಾತ್ರ 8 ಮಿಲಿಮೀಟರ್. ಗೆಡ್ಡೆ ಎದ್ದು ಕಾಣಲೆಂದು ಗ್ಯಾಡೋಲಿನಿಯಂ ಔಷಧ ಚುಚ್ಚಿ ತೆಗೆದ ಎಂಆರ್‌ಐಯನ್ನು ವೈದ್ಯೆ ತೆರೆದು ತೋರಿಸಿದರು. ಬೂದುಬಣ್ಣದ ನಡುವೆ ಕಡಲೆಕಾಳಿನಷ್ಟು ಬೆಳ್ಳಗೆ ಹೊಳೆಯುತ್ತಿತ್ತು. ಅದಕ್ಕೆ ತಾಗಿಕೊಂಡೇ ಮುಖದ ನರ ಹೋಗುತ್ತದಂತೆ. ತೆಗೆಯಹೋದರೆ ಉಳಿದಿರುವ ಶ್ರವಣ ಹೋಗಬಹುದು, ಬಾಯಿ ಸೊಟ್ಟಗಾಗಬಹುದು. ಗಾಮಾ ನೈಫ್ ವಿಕಿರಣ ಕೊಟ್ಟರೆ ಬೆಳವಣಿಗೆ ನಿಲ್ಲಬಹುದು, ಗೆಡ್ಡೆ ಮಾಯವಾಗುವುದಿಲ್ಲ. ಇಲ್ಲವೇ ಕಾದು, ಮತ್ತೆ ಸ್ಕ್ಯಾನ್ ಮಾಡಿಸುವುದು. ಇಷ್ಟು ಹೇಳಿ, ಯಾವುದು ಹೋದರೆ ನಿಮಗೆ ಹೆಚ್ಚು ಕಷ್ಟ ಎಂದು ನನ್ನನ್ನೇ ಕೇಳಿದರು. ಶಸ್ತ್ರವೈದ್ಯರು, ರೇಡಿಯಾಲಜಿಸ್ಟ್, ಆಡಿಯಾಲಜಿಸ್ಟ್ ಎಲ್ಲರೂ ಕೂತು ಚರ್ಚಿಸಿದ್ದು ಪತ್ರವಾಗಿ ಮನೆಗೆ ಬಂತು. ಕಾಯುವುದೆಂದು ನಾನೇ ಒಪ್ಪಿದೆ.

ಊರಿನಲ್ಲಾಗಿದ್ದರೆ ವಿಷಯ ಮೊದಲು ಭಾವನಿಗೆ ತಿಳಿಯುತ್ತಿತ್ತು. ನನ್ನನ್ನು ಹೊರಗೆ ಕೂರಿಸಿ ಒಳಗೆ ದಿನ ಗೊತ್ತುಮಾಡುತ್ತಿದ್ದರು. ಗೆಡ್ಡೆ ಎಂದ ಮೇಲೆ ತೆಗೆಸದೆ ಬಿಡುವುದುಂಟೇ? ಸುಮ್ಮನಿರಿ ಎನ್ನುವ ಡಾಕ್ಟರಿಗೆ ನಮ್ಮಲ್ಲಿ ಮನಸ್ಸಿಟ್ಟು ಫೀಸು ಕೊಡುವವರಾದರೂ ಯಾರು? ನೆಂಟರೊಬ್ಬರು ಬೆಂಗಳೂರಿನಲ್ಲಿ ಇಷ್ಟೇ ಸಣ್ಣದನ್ನು ಅವಸರದಲ್ಲಿ ತೆಗೆಸಿಕೊಂಡರು. ಈಗ ಎಡಗಣ್ಣು ಪೂರ್ತಿ ಮುಚ್ಚುವುದಿಲ್ಲ. ರಾತ್ರಿ ಮುಲಾಮು ಹಾಕಿ, ರೆಪ್ಪೆಗೆ ಟೇಪ್ ಅಂಟಿಸಿ ಮಲಗುತ್ತಾರೆ. ಕಾಯಬಹುದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಆದರೆ ಅದೇ ನೆಂಟರಿಗೆ ಫೋನು ಸರಿಯಾಗಿ ಕೇಳಿಸುತ್ತಿಲ್ಲ ಎಂದ ವಾರದಲ್ಲೇ ಶ್ರವಣ ಪರೀಕ್ಷೆ, ಮರುದಿನವೇ ಎಂಆರ್‌ಐ ಆಗಿತ್ತು, ನಿಜ. ಒಂದೇ ಕಿವಿ ಮಂದವಾಗಿ ಗುಂಯ್‌ಗುಟ್ಟಿದರೆ ಸ್ಕ್ಯಾನ್ ಮಾಡಿಸಬೇಕೆಂಬುದು ಇಲ್ಲಿನವರಿಗೂ ಗೊತ್ತು. ಆದರೂ ನನ್ನನ್ನು ಗುಗ್ಗೆಯೆಂದು ಎಣ್ಣೆ ಕೊಟ್ಟು ಕಳಿಸಿದರು. ಆಮೇಲೆ ತಿಂಗಳುಗಟ್ಟಲೆ ಸರದಿ. ಗಾಮಾ ನೈಫೂ ಪರದೇಶದ ಸೊತ್ತೇನಲ್ಲ, ನಿಮ್ಹಾನ್ಸ್‌ನಲ್ಲೇ ಇದೆ. ಇನ್ನೊಂದು ಮಾತು: ಇಲ್ಲಿ ಸ್ಕ್ಯಾನ್ ಮುಗಿಸಿ ತೂರಾಡುತ್ತಾ ಬಸ್ ನಿಲ್ದಾಣಕ್ಕೆ ಒಬ್ಬನೇ ನಡೆದೆ. ಊರಿನಲ್ಲಾಗಿದ್ದರೆ ಫ್ಲಾಸ್ಕ್ ಹಿಡಿದು ನಾಲ್ವರು ಬಂದಿರುತ್ತಿದ್ದರು, ಅವರಲ್ಲಿ ಇಬ್ಬರು ಡಾಕ್ಟರ ಜೊತೆ ಜಗಳಕ್ಕೂ ನಿಂತಿರುತ್ತಿದ್ದರು. ಮುಂದಿನ ಸ್ಕ್ಯಾನ್ ಮಾತ್ರ ಇಲ್ಲೇ.